ಓವರ್‌ಸಿಯರ್ ಸಾಹೇಬರ ಗೋಡೆ ಒಲೆ

ಯಾರ ಮನೆಗೆ ಹೋದರೂ ನಾವು ನೀವು ಮೊದಲು ಮನೆಯವರ ಮುಖ ನೋಡುತ್ತೇವೆ. ನಮ್ಮ ಓವರ್‌ಸಿಯರ್ ಸಾಹೇಬರು ಮೊದಲು ಮಾಳಿಗೆ ನೋಡುತ್ತಿದ್ದರು. ಹೊಸ್ತಿಲಲ್ಲಿಯೇ ನಿಂತು, ಕತ್ತು ಹಿಂದಕ್ಕೆ ವಾಲಿಸಿ, ತೊಲೆ ಎಲ್ಲಿದೆ, ಜಂತಿ ಎಷ್ಟು ಒಣಗಿವೆ, ಒಲೆಯ ನೆತ್ತಿಯ ಮೇಲೆ ಎಷ್ಟು ಮಸಿ ಕಟ್ಟಿದೆ ಎಂದು ನೋಡಿ, ಮೂಗಿನಿಂದ ಎರಡು ಸಲ ಗಾಳಿ ಎಳೆದುಕೊಂಡು, ಆಮೇಲೆ "ಆರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದರು. ಒಮ್ಮೆ ತಮ್ಮನ ಮಗನಿಗೆ ಕನ್ಯೆ ನೋಡಲು ಮಸೂತಿ ಎಂಬ ಊರಿಗೆ ಹೋದವರು ಅಡಿಗೆಮನೆಯಲ್ಲೇ ಹೊತ್ತು ಕಳೆದು ಹೊರಗೆ ಬಂದು, ಹುಡುಗಿಯ ಅಪ್ಪನಿಗೆ ಹೇಳಿದರಂತೆ: "ಹುಡುಗಿ ಲಕ್ಷಣಾಗಿ ಅದಾಳ್ರಿ. ಆದ್ರ ಒಲಿ ಮ್ಯಾಲಿನ ಜಂತಿ ಮಾತ್ರ ಈ ವರ್ಷ ತಪ್ಪಿದ್ರ ಬರೂ ವರ್ಷ ಹತ್ತತಾವ." ಲಗ್ನ ಆಯಿತು. ಜಂತಿಯನ್ನೂ ಬದಲಿಸಿದರು.

ಸಾಹೇಬರು ತೀರಿಕೊಂಡ ಸುದ್ದಿ ನನಗೆ ಕಳೆದ ವಾರ ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಯಿತು. ಅವರ ಮಗಳು ಶಾಂತಾ ಸಿಕ್ಕಿದ್ದಳು. ತುಂಬು ವಯಸ್ಸು, ನಿದ್ದೆಯಲ್ಲಿಯೇ ಹೋದರಂತೆ. "ಹೋಗೂ ಹಿಂದಿನ ದಿನಾನೂ ಜಗಳ ತಗದಿದ್ರು ಅಕ್ಕೋರ. ದೇವರ ದೀಪ ಪರದೇಕ್ಕ ಹತ್ರ ಐತಿ ಅಂತ" ಎಂದಳು. ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಶಾಂತಾ ಸೆರಗು ಕಣ್ಣಿಗೊತ್ತಿಕೊಂಡಳು. ಬಸ್ಸು ಬಂತು, ಅವಳು ಹೋದಳು. ಊರಿಗೆ ಬರುವವರೆಗೆ ನನಗೆ ಆ ಮನುಷ್ಯನದೇ ನೆನಪು.

ನಾನು ಅವರ ಮನೆಯಲ್ಲಿ ಬಾಡಿಗೆಗೆ ಇದ್ದವಳು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮರುವರ್ಷದ ಮಾತು. ಹೊರ್ತಿಯಿಂದ ಬಾಗೇವಾಡಿಯ ಕನ್ನಡ ಸಾಲೆಗೆ ಕಲಿಸುವ ಅಕ್ಕೋರಾಗಿ ಬಂದಿದ್ದೆ. ಒಬ್ಬಂಟಿ ಹೆಣ್ಣುಮಗಳಿಗೆ ಯಾರೂ ಮನೆ ಕೊಡಲೊಲ್ಲರು. ಕೆಲವರು ಜಾತಿ ಕೇಳಿದರು, ಕೆಲವರು ಲಗ್ನ ಯಾಕಾಗಿಲ್ಲ ಎಂದು ಕೇಳಿದರು. ಈ ನಿವೃತ್ತ ಓವರ್‌ಸಿಯರ್ ಸಾಹೇಬರು ಅದ್ಯಾವುದನ್ನೂ ಕೇಳಲಿಲ್ಲ. ಖಾಕಿ ಅರ್ಧಕೋಟಿನ ಕಿಸೆಯಲ್ಲಿ ಕೈ ಇಟ್ಟುಕೊಂಡು, ಕೋರ್ಟಿನ ವಕೀಲರ ಹಾಗೆ ನಿಂತರು.

"ಸ್ಟೋವ್ ಐತೇನ್ರಿ?"

"ಐತ್ರಿ."

"ಪಿನ್ನು ಯಾವಾಗ ಹಾಕ್ತೀರಿ? ಹಚ್ಚೂಕಿಂತ ಮೊದಲೋ, ಆಮ್ಯಾಲೋ?"

"ಮೊದಲ್ರಿ."

"ನೈಲಾನ್ ಸೀರಿ ಉಟ್ಟು ಅಡಗಿ ಮಾಡ್ತೀರೇನು?"

"ನನ್ನ ಹತ್ರ ನೈಲಾನ್ ಸೀರಿನೇ ಇಲ್ರಿ."

"ಬರ್ರಿ, ಮನಿ ನಿಮ್ದ."

ಹೀಗೆ ಬಡತನದ ಪುಣ್ಯದಿಂದ ನನಗೆ ಮುಂದಿನ ಕೋಣೆ ಸಿಕ್ಕಿತು.

ಬೆಂಕಿಯ ವಿಷಯದಲ್ಲಿ ಸಾಹೇಬರು ಹೆದರುಪುಕ್ಕಲರು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಬೀಡಿ ಸೇದುವವರು ಅವರನ್ನು ಕಂಡರೆ ಬೀಡಿಯನ್ನು ಹಿಂದೆ ಮುಚ್ಚಿಡುತ್ತಿದ್ದರು. ಕಡ್ಡಿ ಗೀರಿದರೆ ಅದನ್ನು ನೀರಿನಲ್ಲಿ ಅದ್ದಿಯೇ ಒಗೆಯಬೇಕು. ಮಂಗಳಾರತಿ ತಟ್ಟೆ ಬಂದರೆ ತೋಳು ಉದ್ದ ಚಾಚಿ ದೂರದಿಂದಲೇ ಕಣ್ಣಿಗೊತ್ತಿಕೊಳ್ಳುವರು. ಲಗ್ನದ ಹಂದರದಲ್ಲಿ ಗ್ಯಾಸ್‌ಬತ್ತಿಯ ಕೆಳಗೆ ಎಂದೂ ಕೂತವರಲ್ಲ. ಆದರೆ ಅವರಿಗೆ ಬೆಂಕಿಯ ಮೇಲೆ ಸಿಟ್ಟಿರಲಿಲ್ಲ. "ಬೆಂಕಿ ಅಂದ್ರ ಬೀಗರಿದ್ದಂಗ ಅಕ್ಕೋರ," ಎನ್ನುತ್ತಿದ್ದರು. "ಮನಿಗೆ ಬರಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಎಲ್ಲಿ ಕುಂಡ್ರಬೇಕು, ಯಾವ ಬಾಗಲದಿಂದ ಹೋಗಬೇಕು ಅಂಬೋದು ನಾವು ಹೇಳಬೇಕು. ಅವರs ಹುಡುಕ್ಕೊಂಡ್ರ ಮನಿ ಉಳಿಯೂದಿಲ್ಲ."

ಅವರ ಹೆಂಡತಿಯನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಕಾಕು ಸಣ್ಣ ಮೈಯ, ದೊಡ್ಡ ಬಾಯಿಯ ಹೆಂಗಸು. ಗಂಡನ ಮಾತಿಗೆಲ್ಲ ಅವರದೊಂದು ಒಗ್ಗರಣೆ ಬೀಳಲೇಬೇಕು. "ಇವರ ಕೈಯಾಗ ಕೊಟ್ರ ಸೂರ್ಯಾಗೂ ಒಂದು ಬಕೇಟು ನೀರು ಹಾಕಿ ಮಲಗ್ತಾರ" ಎನ್ನುತ್ತಿದ್ದರು.

ಆ ವರ್ಷ ಮಾಗಿಯ ಹೊತ್ತಿಗೆ ಶಾಂತಾ ಸಿಂದಗಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಜಗಳ ಶುರುವಾದದ್ದು ಅಲ್ಲಿಂದಲೇ. ನಮ್ಮ ಕಡೆ ಬಾಣಂತಿ ಎಂದರೆ ಬೆಂಕಿ. ಗಾಳಿಯಾಡದ ಕತ್ತಲೆ ಕೋಣೆ, ಅದರಲ್ಲಿ ಹಗ್ಗದ ಹೊರಸು, ಹೊರಸಿನ ಕೆಳಗೆ ಸೆಗಣಿ ಕುಳ್ಳಿನ ಕೆಂಡ ತುಂಬಿದ ಅಗ್ಗಿಷ್ಟಿಗೆ. ಮೇಲೆ ತಾಯಿ ಮತ್ತು ಕೂಸು. ಕೆಂಡದ ಮೇಲೆ ಓಮಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಬಾಗಿಲು ಮುಚ್ಚಿದರೆ ಒಳಗಿದ್ದವರ ಮುಖ ಒಳಗಿದ್ದವರಿಗೇ ಕಾಣದು. ಹೊಗೆ ಹೆಚ್ಚಿದಷ್ಟೂ ಬಾಣಂತನ ಚಲೋ ನಡೆದಿದೆ ಎಂದು ಓಣಿಯವರು ಮೆಚ್ಚುವರು.

ಒಂದು ದಿನ ಊಟಕ್ಕೆ ಕೂತಾಗ ಸಾಹೇಬರು ರೊಟ್ಟಿ ಮುರಿಯುತ್ತ ಹೇಳಿದರು: "ಈ ಮನ್ಯಾಗ ಹೊರಸಿನ ಕೆಳಗ ಬೆಂಕಿ ಹೋಗೂದಿಲ್ಲ."

"ಹಂಗಾರ ಬಾಣಂತಿಗೆ ಏನು ಮಾಡ್ತೀರಿ? ಮಾಳಗಿ ಮ್ಯಾಲೆ ಹಾಕಿ ಒಣಗಸ್ತೀರೇನು, ಹಪ್ಪಳದಂಗ?" ಎಂದರು ಕಾಕು.

"ಗ್ವಾಡ್ಯಾಗ ಒಲಿ ಕಟ್ಟಸ್ತೇನಿ. ಕಟಗಿ ಒಲಿ. ಬೆಂಕಿ ಗ್ವಾಡ್ಯಾಗ ಇರತೈತಿ, ಬಿಸಿ ಕೋಣ್ಯಾಗ ಇರತೈತಿ, ಹೊಗಿ ಮಾಳಗಿ ಮ್ಯಾಲೆ ಹೋಗತೈತಿ."

ಬೆಳಗಾವಿಯ ಕಡೆ ನೌಕರಿಯಲ್ಲಿದ್ದಾಗ ಅವರು ಬ್ರಿಟಿಷರ ಕಾಲದ ಒಂದು ಪ್ರವಾಸಿ ಬಂಗಲೆಯ ದುರಸ್ತಿ ಮಾಡಿಸಿದ್ದರಂತೆ. ಅಲ್ಲಿ ಗೋಡೆಯೊಳಗೆ ಬೆಂಕಿ ಉರಿಸುವ ಅಂಥ ಒಲೆ ಇತ್ತು. ಅದರ ಹೊಗೆಕೊಳವೆಯೊಳಗೆ ಪಾರಿವಾಳ ಗೂಡು ಕಟ್ಟಿದ್ದನ್ನು ತೆಗೆಸುವಾಗ ಅದರ ಒಳಹೊರಗೆಲ್ಲ ನೋಡಿ ತಿಳಿದುಕೊಂಡಿದ್ದರು. ಅಲ್ಲಿಯದೇನೋ ಮಂಜು ಬೀಳುವ ಸೀಮೆ. ಇಲ್ಲಿ ನಮ್ಮಲ್ಲಿ ವರ್ಷದ ಬಹುಪಾಲು ಗೋಡೆಗೆ ಬೆನ್ನು ಹಚ್ಚಿದರೆ ಬೆನ್ನೇ ಸುಡುತ್ತದೆ. ಅಂಥ ಊರಿನಲ್ಲಿ ಬೆಂಕಿಗೆಂದೇ ಗೋಡೆಯಲ್ಲಿ ಮನೆ ಕಟ್ಟುವ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಕಾಕು ನಗಲಿಲ್ಲ. "ಕಟ್ರಿ. ಉರದ್ರ ಆತು. ಹೊಗಿ ಹೊಳ್ಳಿ ಕೋಣ್ಯಾಗ ಬಂತೋ, ನನ್ನ ಅಗ್ಗಿಷ್ಟಿಗಿ ಹೊರಸಿನ ಕೆಳಗ ಹೋಗೂದs" ಎಂದರು. ಅಂದೇ ಅಟ್ಟದಿಂದ ಮಣ್ಣಿನ ಅಗ್ಗಿಷ್ಟಿಗೆ ಇಳಿಸಿ, ತೊಳೆದು, ಕುಳ್ಳು ತುಂಬಿ, ಬಾಣಂತಿ ಕೋಣೆಯ ಬಾಗಿಲಿನ ಹೊರಗೆ ಇಟ್ಟರು. ಸಾಹೇಬರು ಬರುವಾಗ ಹೋಗುವಾಗ ಅದನ್ನು ಸುತ್ತು ಹಾಕಿಕೊಂಡು ನಡೆಯಬೇಕಾಯಿತು.

ಇದೆಲ್ಲ ಬರೀ ಹಟವೆಂದು ನಾನು ತಿಳಿದಿದ್ದೆ. ಒಂದು ಮುಂಜಾನೆ ಕಾಕು ಬಿಸಿಲಿಗೆ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಎಡಗಾಲಿನ ಮೀನಖಂಡದಿಂದ ಹಿಮ್ಮಡಿಯವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ನಾನು ನೋಡಿದ್ದನ್ನು ನೋಡಿ ಅವರೇ ಹೇಳಿದರು.

"ಶಾಂತಾನ್ನ ಹಡದಾಗಿನದು ಇದು. ನನಗ ತವರಿರಲಿಲ್ಲ, ಗಂಡನ ಮನ್ಯಾಗs ಬಾಣಂತನ. ಹೊರಸಿನ ಹಗ್ಗಕ್ಕ ಕೆಂಡ ಹತ್ತಿಕೊಂತು. ಕೂಸಿನ್ನ ಎದಿಗೆ ಅವಚಿಕೊಂಡು ಹೊರಗ ಬಂದೆ. ಕಾಲು ಸುಟ್ಟಿತು. ಏನಾತೀಗ, ನಡ್ಯಾಕ ಬರತೈತಲ್ಲ!"

"ಸಾಹೇಬ್ರು ಎಲ್ಲಿದ್ರಿ ಕಾಕು?"

"ಮುದ್ದೇಬಿಹಾಳ ಕಡೆ ರೋಡಿನ ಕೆಲಸದಾಗ. ಸುದ್ದಿ ಮುಟ್ಟಿ ಅವರು ಬರೂದ್ರಾಗ ಗಾಯ ಹೊಪ್ಪಳಿ ಕಟ್ಟಿತ್ತು."

"ಬಂದು ಏನಂದ್ರು?"

"ಏನೂ ಅನಲಿಲ್ಲ. ಕೊಡ್ಲಿ ತಗೊಂಡು ಆ ಸುಟ್ಟ ಹೊರಸಿನ್ನ ಚೂರು ಚೂರು ಮಾಡಿದ್ರು. ನಾನೂ ಏನೂ ಅನಲಿಲ್ಲ. ಇವತ್ತಿನ ತನಕ ಇಬ್ಬರೂ ಆ ಮಾತು ತಗದಿಲ್ಲ."

ಎಣ್ಣೆಯ ಬಟ್ಟಲು ಎತ್ತಿಕೊಂಡು ಕಾಕು ಒಳಗೆ ಹೋದರು. ಮೈಯೆಲ್ಲ ಹೆದರಿಕೆಯಾದ ಆ ಮನುಷ್ಯನನ್ನು ನಾನು ಅಂದಿನಿಂದ ಆಡಿಕೊಂಡು ನಗುವುದು ಕಡಿಮೆ ಮಾಡಿದೆ. ಪೂರ್ತಿ ಬಿಟ್ಟೆ ಎಂದು ಹೇಳಿದರೆ ಸುಳ್ಳಾದೀತು, ಅವರು ಬಿಡಗೊಡುತ್ತಿರಲಿಲ್ಲ.

ಹುಸೇನ ಗೌಂಡಿಯನ್ನು ಕರೆಸಿದರು. ಊರಿನಲ್ಲಿ ಅರ್ಧ ಗೋಡೆಗಳು ಅವನ ಕೈಯವೇ. "ಸಾಹೇಬ್ರ, ಗುಡಿ ಕಟ್ಟೇನಿ, ಮಸೂತಿ ಕಟ್ಟೇನಿ, ಗ್ವಾಡಿ ಹೊಟ್ಟ್ಯಾಗ ಒಲಿ ಕಟ್ಟಿಲ್ರಿ" ಎಂದ. "ನಾನೂ ಕಟ್ಟಿಲ್ಲ, ಬಾ" ಎಂದರು ಸಾಹೇಬರು. ನಮ್ಮ ಹಳೆಯ ಮನೆಗಳ ಗೋಡೆ ಎಂದರೆ ಕಲ್ಲು ಮಣ್ಣಿನದು, ಎತ್ತು ಅಡ್ಡ ಮಲಗುವಷ್ಟು ದಪ್ಪ. ಅದರೊಳಗೆ ಗೂಡು ಕೊರೆದು ಇಟ್ಟಂಗಿ ಕಟ್ಟುವುದು ಕಷ್ಟವಲ್ಲ. ಕಷ್ಟವಿದ್ದದ್ದು ಮೇಲೆ. ಜಂತಿಗಳ ತುದಿ ಅದೇ ಗೋಡೆಯ ಮೇಲೆ ಕೂತಿದ್ದವು. ಹೊಗೆಕೊಳವೆಯ ಹತ್ತಿರ ಒಂದು ಕಡ್ಡಿಯಷ್ಟು ಕಟ್ಟಿಗೆಯೂ ಇರಕೂಡದೆಂದು ಸಾಹೇಬರ ಪಟ್ಟು. ಎರಡು ಜಂತಿ ಕೊಯ್ಯಿಸಿ, ಅವುಗಳ ತುದಿಗೆ ಅಡ್ಡತೊಲೆ ಕೊಟ್ಟು, ನಡುವಿನ ಜಾಗಕ್ಕೆ ಕಲ್ಲು, ಸುಣ್ಣದ ಗಾರೆ ತುಂಬಿಸಿದರು. ಒಲೆಯ ಮುಂದೆ ಹೊರಸಿನ ಅಗಲದಷ್ಟು ಫರಸಿ ಹಾಸಿಸಿದರು, ಕಿಡಿ ಹಾರಿದರೆ ಕಲ್ಲಿನ ಮೇಲೆಯೇ ಬಿದ್ದು ಸಾಯಲಿ ಎಂದು. ಕೊಳವೆಯನ್ನು ಮಾಳಿಗೆಯ ಮೇಲೆ ಎದೆಮಟ್ಟ ಏರಿಸಿದರು.

"ಇದರ ಮ್ಯಾಲೆ ಮಳಿಗೆ ಟೊಪ್ಪಿಗಿ ಬ್ಯಾಡೇನ್ರಿ?" ಎಂದು ಗೌಂಡಿ ಕೇಳಿದ.

"ಹಾಕಿಸೋಣು, ಮುಂಗಾರಿನ ಮಿರಗದ ಮಳಿಗಿಂತ ಮೊದಲು. ಮಾಗ್ಯಾಗ ಎಲ್ಲಿ ಮಳಿ ಬರತೈತೋ? ನಮ್ಮ ನಾಡಾಗ ಮಿರಗದಾಗs ಕೈ ಮುಗಿದು ಕರೀಬೇಕು."

ಗೌಂಡಿ ಒಪ್ಪಿದ. ನಾನೂ ಒಪ್ಪಿದೆ. ನೀವು ಅಲ್ಲಿದ್ದಿದ್ದರೆ ನೀವೂ ಒಪ್ಪುತ್ತಿದ್ದಿರಿ.

ಮೊದಲ ಸಲ ಬೆಂಕಿ ಹಾಕಿದ ದಿನದ ವೈಭವ ಹೇಳತೀರದು. ಹೊಗೆಯ ದಾರಿ ಚೆನ್ನಾಗಿ ಕಾಣಲೆಂದು ಸಾಹೇಬರು ಬೇಕೆಂದೇ ಹಸಿ ಹತ್ತಿಕಟ್ಟಿಗೆ ಹಚ್ಚಿಸಿ, ನಮ್ಮನ್ನೆಲ್ಲ ಅಂಗಳಕ್ಕೆ ಕರೆದು, ಮಾಳಿಗೆಯತ್ತ ಬೆರಳು ತೋರಿಸಿ ನಿಂತರು. ಮಾಳಿಗೆಯ ಮೇಲೆ ನೀಲಿ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಹೊಗೆ ಕೋಣೆಯ ಬಾಗಿಲಿನಿಂದ, ಪಡಸಾಲೆ ದಾಟಿ, ತಲೆಬಾಗಿಲಿನಿಂದ ಮರ್ಯಾದೆಯಾಗಿ ಹೊರಗೆ ಬಂತು. ಪಕ್ಕದ ಮನೆಯ ನೀಲವ್ವ ಅದನ್ನು ಕಂಡು "ಬೆಂಕಿ ಬಿತ್ತೋ!" ಎಂದು ಕೂಗಿದಳು. ನೀಲವ್ವನ ಕೂಗು ಎಂದರೆ ಊರ ಅಗಸಿಬಾಗಿಲವರೆಗೆ ಕೇಳುವಂಥದು. ಓಣಿಗೆ ಓಣಿಯೇ ಕೊಡಪಾನ ಎತ್ತಿಕೊಂಡು ಬಂತು. ಸಾಹೇಬರು ಬ್ಯಾಡ್ರೋ ಬ್ಯಾಡ್ರೋ ಎನ್ನುತ್ತಿರುವಂತೆಯೇ ಹಸಿ ಗಾರೆಯ ಮೇಲೆ ಬಾವಿಯ ಅರ್ಧ ನೀರು ಬಿತ್ತು.

ಕಾಕು ಮೂಲೆಯಲ್ಲಿ ನಿಂತು ಎಲ್ಲ ನೋಡಿ ಹೇಳಿದರು: "ಬೆಂಕಿ ಬಿದ್ದ ಮ್ಯಾಲೆ ಬಾವಿ ತೋಡೋರ್ನ ಕಂಡಿದ್ದೆ. ಬಾವಿ ಐತಿ ಅಂತ ಬೆಂಕಿ ಹಾಕೋರ್ನ ಇವತ್ತ ಕಂಡೆ."

ಸಾಹೇಬರು ಎದೆಗುಂದಲಿಲ್ಲ. ನನ್ನ ದೇವರ ಊದಿನಕಡ್ಡಿ ಇಸಿದುಕೊಂಡು ಒಲೆಯ ಬಾಯಿಯ ಮುಂದೆ ಹಿಡಿದು, ಅದರ ಹೊಗೆಯ ಎಳೆ ಎತ್ತ ವಾಲುತ್ತದೆಂದು ಮಂಡಿಯೂರಿ ಕೂತು ನೋಡಿದರು. ಒಲೆಯ ಬಾಯಿ ದೊಡ್ಡದಾಗಿದೆ, ಗಂಟಲು ಸಣ್ಣದಾಗಿದೆ ಎಂದು ಗೊತ್ತಾಯಿತು. "ನಿಮ್ಮ ಕಾಕೂನ್ನ ನೋಡಿ ಕಟ್ಟಿಸಿಬಿಟ್ಟಿದ್ದೆ" ಎಂದು ನನಗೆ ಮೆಲ್ಲಗೆ ಹೇಳಿದರು. ಗೌಂಡಿ ಬಾಯಿ ಕಿರಿದು ಮಾಡಿದ, ಗಂಟಲು ಹಿರಿದು ಮಾಡಿದ. ಕೊಳವೆ ತಣ್ಣಗಿದ್ದರೆ ಹೊಗೆ ಏರುವುದಿಲ್ಲವೆಂದು, ಮೊದಲು ಒಂದು ಹಿಡಿ ಒಣಹುಲ್ಲನ್ನು ಗಂಟಲ ಹತ್ತಿರ ಉರಿಸಿ ಅದನ್ನು ಕಾಯಿಸುವ ರೂಢಿ ಹಾಕಿದರು. ಎರಡನೆಯ ಸಲ ಜಾಲಿಕಟ್ಟಿಗೆ ಹಚ್ಚಿದಾಗ ಹೊಗೆ ಸದ್ದಿಲ್ಲದೆ ಮೇಲೇರಿತು. ಕೋಣೆಯಲ್ಲಿ ಬಿಸುಪು ಮಾತ್ರ ಉಳಿಯಿತು. ನಾನು ಚಪ್ಪಾಳೆ ತಟ್ಟಿದೆ. ಕಾಕು ಅಗ್ಗಿಷ್ಟಿಗೆಯಲ್ಲಿಯ ಕುಳ್ಳನ್ನು ಒಮ್ಮೆ ಸರಿಮಾಡಿ ಇಟ್ಟರು.

ಸಂತೆಗೆ ಬಂದವರೆಲ್ಲ ಗೋಡೆ ಒಲೆ ನೋಡಲು ಬರತೊಡಗಿದರು. ಸಾಹೇಬರು ಬೇಕರಿ ತೆಗೆಯುತ್ತಾರೆಂದು ಕೆಲವರು, ಬಂಗಾರ ಕರಗಿಸುತ್ತಾರೆಂದು ಕೆಲವರು. ಮುಳವಾಡದ ಒಬ್ಬ ಮುದುಕಿ ಅದನ್ನು ದೇವರ ಗೂಡೆಂದು ತಿಳಿದು, ಅಡ್ಡಬಿದ್ದು, ಒಂದು ಚಿಟಿಕೆ ಭಂಡಾರದ ಅರಿಷಿಣ ಹಾಕಿ ಹೋದಳು. ಸಾಹೇಬರು ಅದನ್ನು ಗುಡಿಸಗೊಡಲಿಲ್ಲ.

ಶಾಂತಾ ಹೆಣ್ಣು ಹಡೆದಳು. ತಾಯಿ ಮಗಳು ಕೋಣೆ ಸೇರಿದರು, ಒಲೆ ಹೊತ್ತಿತು. ಆಗ ಸಾಹೇಬರಿಗೆ ಒಂದು ಫಜೀತಿ ಎದುರಾಯಿತು. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ತೊಟ್ಟಿಲ ಕಾರ್ಯ ಆಗುವವರೆಗೆ ಅಪ್ಪನಾದರೂ ಅಷ್ಟೆ, ಅಜ್ಜನಾದರೂ ಅಷ್ಟೆ. ತಾವೇ ಕಟ್ಟಿಸಿದ ಒಲೆ ಹೇಗೆ ಉರಿಯುತ್ತಿದೆ ಎಂದು ನೋಡುವ ಹಾಗಿಲ್ಲ! ಬಾಗಿಲ ಹೊರಗೆ ಒಂದು ಬಕೇಟು ನೀರು, ಒಂದು ಬಕೇಟು ಉಸುಕು ಇಟ್ಟು, ಸ್ವಲ್ಪ ಹೊತ್ತು ಅತ್ತಿಂದಿತ್ತ ಓಡಾಡಿದರು. ಆಮೇಲೆ ಮಫ್ಲರ್ ಸುತ್ತಿಕೊಂಡು, ಕೊಡೆ ಹಿಡಿದು, ಹಳೆಯ ಕ್ಯಾಂಪ್ ಕುರ್ಚಿ ಹೊತ್ತು ಮಾಳಿಗೆ ಹತ್ತಿದರು.

ಅಂದಿನಿಂದ ಅವರ ಸಂಸಾರವೆಲ್ಲ ಮಾಳಿಗೆಯ ಮೇಲೆ. ಕೊಳವೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೊಗೆ ಓದುವುದೇ ಕೆಲಸ. ತೆಳ್ಳಗಿನ ನೀಲಿ ಹೊಗೆ ಬಂದರೆ ಮುಖ ಅರಳುತ್ತಿತ್ತು. ದಟ್ಟ ಬಿಳಿ ಹೊಗೆ ಬಂದರೆ ಎದ್ದು ನಿಂತು ಕೊಳವೆಯೊಳಗೆ ಬಾಯಿಟ್ಟು ಕೂಗುವರು: "ಹಸಿ ಕಟಗಿ ಯಾರು ಹಾಕಿದ್ರು?" ಕೆಳಗೆ ಕೋಣೆಯಲ್ಲಿ ಆ ಮಾತು ಉರಿಯುವ ಒಲೆಯ ಬಾಯಿಂದ ಹೊರಡುತ್ತಿತ್ತು. ಮೊದಲ ಸಲ ಅದನ್ನು ಕೇಳಿದವಳು ಕೂಸನ್ನು ನೋಡಲು ಬಂದಿದ್ದ ನೀಲವ್ವ. ಕೈಯಲ್ಲಿದ್ದ ಅಂಟಿನುಂಡೆಯ ಡಬ್ಬಿ ಅಲ್ಲಿಯೇ ಬಿಟ್ಟು, ಚಪ್ಪಲಿಯನ್ನೂ ಮರೆತು ಮನೆ ಸೇರಿದಳು. ಕೂಸು ಮಾತ್ರ ಆ ದನಿಗೆ ಹೆದರುತ್ತಿರಲಿಲ್ಲ. ಶಾಂತಾ ಕೆಳಗಿನಿಂದ "ಅಪ್ಪಾ, ಈಗ ಮಲಗೇತಿ, ಸುಮ್ಮಕುಂಡ್ರು" ಎಂದು ಒಲೆಗೆ ಹೇಳುತ್ತಿದ್ದಳು. ಮೇಲಿನಿಂದ "ಹೂಂ" ಬರುತ್ತಿತ್ತು.

ನಮ್ಮ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೋಟುಗೋಡೆ ದಾಟುತ್ತ ನಡೆದು ಹೋಗಬಹುದಿತ್ತು. ಬೆಳಕು ಬರಲೆಂದು, ಹೊಗೆ ಹೋಗಲೆಂದು ಪ್ರತಿ ಮನೆಗೂ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಳೆ ಬಂದರೆ ಅದರಿಂದಲೇ ಮನೆಯೊಳಗೆ ನೀರು. ಹಾಗಾಗಿ ಓಣಿಯದೊಂದು ಕಟ್ಟಳೆ ಇತ್ತು. ಹನಿ ಬಿದ್ದಾಗ ಮಾಳಿಗೆಯ ಮೇಲೆ ಯಾರಿರುತ್ತಾರೋ ಅವರು ಇಡೀ ಸಾಲಿನ ಕಿಂಡಿಗಳನ್ನು ಮುಚ್ಚಬೇಕು. ಯಾರ ಮನೆಯದೆಂದು ಕೇಳುವಂತಿಲ್ಲ. ಈ ಕೆಲಸದಲ್ಲಿ ನೀಲವ್ವನಷ್ಟು ಚುರುಕು ಯಾರೂ ಇರಲಿಲ್ಲ. ಅದು ಅವಳ ಹೆಮ್ಮೆ.

ಒಂದು ಭಾನುವಾರ ಮಧ್ಯಾಹ್ನ, ಬರಬಾರದ ಕಾಲದಲ್ಲಿ ಮಳೆ ಬಂತು. ಮೋಡ ಕವಿದದ್ದೇ ಗೊತ್ತಾಗಲಿಲ್ಲ. ಮೊದಲ ಹನಿ ಬೀಳುತ್ತಲೂ ಸಾಹೇಬರಿಗೆ ಅಂಗಳದಲ್ಲಿ ಒಣಗಲು ಹಾಕಿದ್ದ ಕಟ್ಟಿಗೆಯ ನೆನಪಾಯಿತು. ತೊಯ್ದ ಕಟ್ಟಿಗೆ ಹಾಕಿದರೆ ಒಲೆ ಹೊಗೆಯುತ್ತದೆ. ದಡದಡ ಇಳಿದು ಬಂದು ಗೋಣಿತಟ್ಟು ಮುಚ್ಚತೊಡಗಿದರು. ಅದೇ ಹೊತ್ತಿಗೆ ನೀಲವ್ವ ಮೇಲೆ ಮೆಣಸಿನಕಾಯಿ ಬಾಚುತ್ತಿದ್ದವಳು ಓಣಿಯ ಕಿಂಡಿಗಳನ್ನೆಲ್ಲ ಮುಚ್ಚುತ್ತ ನಮ್ಮ ಮಾಳಿಗೆಗೆ ಬಂದಳು. ಬಾಯಿ ತೆರೆದು ನಿಂತಿದ್ದ ಕೊಳವೆ ಕಂಡಳು. ಪಾಪ, ಬಾಣಂತಿ ಇರುವ ಕೋಣೆ, ಕೂಸಿನ ಮೇಲೆ ನೀರು ಬಿದ್ದೀತು ಎಂದು ತನ್ನ ಮಾಳಿಗೆಯಿಂದ ದೊಡ್ಡ ಮಣ್ಣಿನ ಹರವಿ ತಂದು ಅದರ ಮೇಲೆ ಬೋರಲು ಹಾಕಿ, ಗಾಳಿಗೆ ಬೀಳದಿರಲಿ ಎಂದು ಮೇಲೊಂದು ಕಲ್ಲನ್ನೂ ಇಟ್ಟು ಹೋದಳು.

ನಾನು ಕೋಣೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಶಾಂತಾ ಮಲಗಿದ್ದಳು, ಕಾಕು ಅವಳ ಕಾಲು ಒತ್ತುತ್ತಿದ್ದರು. ಒಲೆಯಿಂದ ಒಂದು ಬುಗ್ಗೆ ಹೊಗೆ ಬಂತು, ಗಾಳಿಯ ಆಟವೆಂದುಕೊಂಡೆವು. ಇನ್ನೊಂದು ಬಂತು. ಆಮೇಲೆ ನಿಲ್ಲಲೇ ಇಲ್ಲ. ನೋಡುತ್ತಿರುವಂತೆಯೇ ಕೋಣೆ ಕಪ್ಪಾಯಿತು. ಶಾಂತಾ ಎದ್ದು ಒಲೆಯತ್ತ ಬಾಗಿ "ಅಪ್ಪಾ!" ಎಂದು ಕೂಗಿ ಕೆಮ್ಮತೊಡಗಿದಳು. ಕೂಸು ಅತ್ತಿತು, ಒಮ್ಮೆ ಕೆಮ್ಮಿತು, ಆಮೇಲೆ ಅದರ ಅಳು ನಿಂತುಬಿಟ್ಟಿತು. ಬಾಗಿಲು ಯಾವ ಕಡೆ ಇದೆಯೆಂಬುದೇ ತಿಳಿಯದಾಯಿತು.

ಬಾಗಿಲು ದಢಾರನೆ ತೆರೆಯಿತು. ಗಂಡಸರು ಬರಬಾರದ ಕೋಣೆಗೆ ಸಾಹೇಬರು ಉಸುಕಿನ ಬಕೇಟು ಹಿಡಿದು ನುಗ್ಗಿದರು. ಒಲೆಗೆ ಉಸುಕು ಸುರಿದು, ನನ್ನ ತೊಡೆಯ ಮೇಲಿನಿಂದ ಕೂಸನ್ನು ಕಸಿದುಕೊಂಡು, ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು ಪಡಸಾಲೆಗೆ ಎಳೆದು ತಂದರು. ಅವರ ಕೋಟಿನ ತುದಿ ಹಿಡಿದುಕೊಂಡು ನಾನೂ ಹೊರಗೆ ಬಂದೆ. ತೆರೆದ ಗಾಳಿಯಲ್ಲಿ ಕೂಸು ಒಂದು ಸಲ ಬಿಕ್ಕಿತು, ಆಮೇಲೆ ಓಣಿ ಕೇಳುವಂತೆ ಚೀರಿತು. ಅಷ್ಟು ಚಂದದ ಅಳು ನಾನು ಈವರೆಗೆ ಕೇಳಿಲ್ಲ.

ಕಾಕು ಎಲ್ಲೆಂದು ನೋಡಿದರೆ, ಅವರು ಒನಕೆ ಹಿಡಿದು ಮಾಳಿಗೆ ಹತ್ತುತ್ತಿದ್ದರು. ಮೇಲಿನಿಂದ ಒಂದು ಸಪ್ಪಳ ಕೇಳಿತು. ಅದರ ಹಿಂದೆಯೇ ನೀಲವ್ವನ ದನಿ: "ಅಯ್ಯ, ನನ್ನ ಹರವಿ!"

ಓಣಿಯ ಹೆಂಗಸರೆಲ್ಲ ಕೂಡಿದರು. ನೀಲವ್ವ ಒಡೆದ ಹರವಿಯ ಚೂರು ಉಡಿಯಲ್ಲಿ ತುಂಬಿಕೊಂಡು ನ್ಯಾಯ ಕೇಳಲು ಬಂದಳು. "ಮಳಿ ಬಂದ್ರ ಮುಚ್ಚಬೇಕೋ ಬ್ಯಾಡೋ? ಇಷ್ಟು ವರ್ಷ ಯಾರು ಮುಚ್ಚ್ಯಾರ? ನಾನು ಮುಚ್ಚೇನಿ! ಕೂಸು ತೊಯ್ದೀತು ಅಂತ ಮುಚ್ಚಿದ್ದು ತಪ್ಪಾತೇನು?" ಅವಳು ಮಾಡಿದ್ದು ಕಟ್ಟಳೆಯ ಪ್ರಕಾರವೇ ಇತ್ತು. "ಎಲ್ಲಾ ಈ ಹಾಳ ಒಲಿಯಿಂದ. ಒಡದು ಒಗೀರಿ ಅದನ್ನ" ಎಂದು ಯಾರೋ ಅಂದರು. ಹೌದು ಹೌದು ಎಂದು ಉಳಿದವರು ತಲೆಯಾಡಿಸಿದರು.

ಸಾಹೇಬರು ಗೋಡೆಗೆ ಒರಗಿ ಕೂತಿದ್ದರು. ಮುಖದ ತುಂಬ ಮಸಿ, ಎದೆಗೆ ಅವಚಿದ ಕೂಸು. "ಒಡಸ್ತೇನಿ," ಎಂದರು. "ಹುಸೇನಗ ಹೇಳಿ ಕಳಸ್ರಿ. ನನ್ನ ಕೈಯಾರೆ ಮಗಳನ್ನ, ಮೊಮ್ಮಗಳನ್ನ ಹೊಗ್ಯಾಗ ಹಾಕಿದ್ನಲ್ಲ. ಬೆಂಕಿಗೆಲ್ಲ ದಾರಿ ತೋರಸಾಂವ ಮಳಿ ಒಂದು ಮರತೆ." ಅವರನ್ನು ಹಾಗೆ ನೋಡಲು ನನಗೆ ಸಂಕಟವಾಯಿತು.

ಎಲ್ಲರ ಕಣ್ಣು ಕಾಕುವಿನ ಮೇಲೆ. ಹೊಗೆ ಹೊಳ್ಳಿ ಕೋಣೆಗೆ ಬಂದಿತ್ತು, ಪಂತ ಅವರು ಗೆದ್ದಿದ್ದರು. ಒನಕೆಯನ್ನು ಮೂಲೆಗಿಟ್ಟು ಕಾಕು ಬಾಗಿಲ ಬಳಿಯ ಅಗ್ಗಿಷ್ಟಿಗೆಯನ್ನು ಎರಡೂ ಕೈಯಿಂದ ಎತ್ತಿಕೊಂಡರು. ಹೆಂಗಸರು ದಾರಿ ಬಿಟ್ಟರು. ಕಾಕು ನೆಟ್ಟಗೆ ನೀಲವ್ವನ ಹತ್ತಿರ ಬಂದು ಅದನ್ನು ಕುಳ್ಳು ಸಮೇತ ಅವಳ ಕೈಗಿಟ್ಟರು.

"ನಿನ್ನ ಹರವಿ ಒಡದೇನಲ್ಲ, ಅದರ ಬದ್ಲಿ ಇದನ್ನ ತಗೋ. ನಮಗಿದು ಬೇಕಾಗಿಲ್ಲ. ಇನ್ನ ಮ್ಯಾಲೆ ಮಳಿ ಬಂದ್ರ ಎಲ್ಲಾರ ಕಿಂಡಿ ಮುಚ್ಚು, ನಮ್ಮ ಕೊಳವಿ ಒಂದು ಮುಚ್ಚಬ್ಯಾಡ."

ನೀಲವ್ವ ಅಗ್ಗಿಷ್ಟಿಗೆ ಹೊತ್ತು ನಡೆದಳು, ಅವಳ ಹಿಂದೆ ಓಣಿಯೂ ಕರಗಿತು.

ಕಾಕು ಕೋಣೆಯ ಬಾಗಿಲು, ಕಿಟಕಿ ತೆರೆದಿಟ್ಟು ಹೊಗೆ ಹೋಗುವವರೆಗೆ ಕಾದರು. ಒಲೆಯ ಉಸುಕು ಬಾಚಿ ತೆಗೆದರು. ಒಂದು ಹಿಡಿ ಒಣಹುಲ್ಲನ್ನು ಗಂಟಲ ಹತ್ತಿರ ಉರಿಸಿದರು, ಆಮೇಲೆ ಒಣ ಜಾಲಿಕಟ್ಟಿಗೆ ಒಡ್ಡಿದರು. ಅದನ್ನೆಲ್ಲ ಯಾವಾಗ ನೋಡಿ ಕಲಿತಿದ್ದರೋ! ಹೊಗೆ ತನ್ನ ದಾರಿ ಹಿಡಿದು ಮೇಲೆ ಹೋಯಿತು. ಶಾಂತಾ ಒಳಗೆ ಹೋಗಿ ಹೊರಸಿನ ಮೇಲೆ ಮಲಗಿದಳು. ಕೂಸನ್ನು ನಾನು ಇಸಿದುಕೊಂಡೆ. ಸಾಹೇಬರು ಹೊಸ್ತಿಲ ಹೊರಗೆ ನಿಂತು, ಮರ್ಯಾದೆಗೆ ಮುಖ ಆಚೆ ತಿರುಗಿಸಿಕೊಂಡಿದ್ದರು.

"ಒಳಗ ಬರ್ರಿ" ಎಂದರು ಕಾಕು.

"ಗಂಡಸು ನಾನು, ಹೆಂಗ..."

"ಆಗಳೆ ಓಡಿ ಬಂದಾಗ ಹೆಂಗಸಾಗಿದ್ರೇನು? ಬರ್ರಿ. ನೀವು ಕಟ್ಟಿಸಿದ ಒಲಿ ಹೆಂಗ ಉರೀತೈತಿ ನೋಡ್ರಿ."

ಸಾಹೇಬರು ಬಂದರು. ಫರಸಿಯ ಅಂಚಿನಲ್ಲಿ ಕೂತು, ಹೊಗೆಯಲ್ಲಿ ಮಾತ್ರ ಕಂಡಿದ್ದ ತಮ್ಮ ಬೆಂಕಿಯನ್ನು ಎದುರಿಗೇ ನೋಡಿದರು. ಆಮೇಲೆ "ಎಡಗಡೆ ಇಟ್ಟಂಗಿ ಒಂದು ಸ್ವಲ್ಪ ಸೊಟ್ಟ ಕುಂತೈತಿ" ಎಂದರು.

ಕಾಕು ಅದಕ್ಕೆ ಒಗ್ಗರಣೆ ಹಾಕಲಿಲ್ಲ. ಒಂದು ಕಟ್ಟಿಗೆಯನ್ನು ಒಳಗೆ ತಳ್ಳುತ್ತ, ಬೆಂಕಿಯ ಕಡೆಗೇ ನೋಡುತ್ತ ಹೇಳಿದರು:

"ಅವತ್ತ ಹೊರಸಿಗೆ ಕೆಂಡ ಹತ್ತಿದಾಗ ನೀವು ಇರಲಿಲ್ಲ. ಇವತ್ತ ಇದ್ರಿ. ಆತು, ಇನ್ನ ಅದನ್ನ ಬಿಟ್ಟುಬಿಡ್ರಿ."

ಸಾಹೇಬರು ಇಟ್ಟಂಗಿಯ ಮಾತನ್ನು ಮತ್ತೆ ಎತ್ತಲಿಲ್ಲ.